ಗುರುತು ಹಿಡಿಯದ ಚಿಗವ್ವ

ಜೇವರ್ಗಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೇಳೆ ಮಿಲ್ಲಿನ ಗೋದಾಮಿನಲ್ಲಿ, ಸೂರಿನವರೆಗೆ ಒಟ್ಟಿದ ತೊಗರಿ ಚೀಲಗಳ ಮೇಲೆ ಬರಿಗಾಲಲ್ಲಿ ನಿಂತ ತರುಣರೊಬ್ಬರು ಟಾರ್ಚು ಹಿಡಿದು ಸಾಲು ಎಣಿಸುತ್ತಿದ್ದಾರೆ. ಹಮಾಲರು ಬಂದು ಲಾರಿಗೆ ಹೇರತೊಡಗುವ ಮೊದಲೇ ಎಣಿಕೆ ಮುಗಿಯಬೇಕು. ತೊಗರಿ ಹೊಟ್ಟಿನ ದೂಳಿಗೆ ಸೀನು ಬರುತ್ತದೆ, ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿಂದ ಶುರು. "ಸ್ವಲ್ಪ ಆ ಕಡಿ ನಿಂದರ್ರಿ, ನಿಮ್ಮ ನೆಳ್ಳ ಬೀಳಾಕತ್ತೈತಿ," ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ಮೇಲಿನಿಂದಲೇ ಹೇಳುತ್ತಾರೆ.

ಇವರು ಭಗವಂತ, ಆಳಂದ ತಾಲೂಕಿನ ನಿಂಬರ್ಗಾದವರು. ಗುಲಬರ್ಗಾದ ಲೆಕ್ಕಪರಿಶೋಧಕ ಜಹೀರುದ್ದೀನ ಅವರ ಕಚೇರಿಯಲ್ಲಿ 'ಆರ್ಟಿಕಲ್'. ಅಂದರೆ ಸಿ.ಎ. ಪರೀಕ್ಷೆಗೆ ಓದುತ್ತಲೇ ಮೂರು ವರ್ಷ ಆಡಿಟರ ಕೈಕೆಳಗೆ ದುಡಿದು ಕೆಲಸ ಕಲಿಯುವವರು. ಮಿಲ್ಲಿನವರು ತೋರಿಸಿದ ದಾಸ್ತಾನು ಗೋದಾಮಿನಲ್ಲಿ ನಿಜಕ್ಕೂ ಇದೆಯೇ ಎಂದು ನೋಡುವುದು, ಒಂದೊಂದು ಖರ್ಚಿಗೂ ರಸೀದಿ ಹುಡುಕುವುದು ಅವರ ಪಾಲಿನ ಕೆಲಸ. ಕೊನೆಗೆ ಸಹಿ ಹಾಕುವವರು ಬೇರೆ. ಅಫಜಲಪುರ, ಜೇವರ್ಗಿಯ ಎಷ್ಟೋ ಮಿಲ್ಲುಗಳ ವರದಿಯ ಹಿಂದೆ ಇವರ ಬೆವರಿದೆ, ಹೆಸರಿಲ್ಲ.

ತಾಯಿ ಮಲ್ಕಮ್ಮ ಇವತ್ತಿಗೂ ನಿಂಬರ್ಗಾದ ಹೊಲಗಳಲ್ಲಿ ಕೂಲಿ ಮಾಡುತ್ತಾರೆ. ಅಜ್ಜನ ಕಾಲದಲ್ಲೇ ಬೌದ್ಧರಾದ ಮನೆತನ. ಆದರೂ ಊರು ಹಳೆಯ ಜಾತಿಯ ಹೆಸರಿನಿಂದಲೇ ಕರೆಯುವುದನ್ನು ಬಿಟ್ಟಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿದ ಭಗವಂತರಿಗೆ ಸಿ.ಎ. ಪುಸ್ತಕಗಳ ಇಂಗ್ಲಿಷ್ ಇನ್ನೂ ಬಗ್ಗಿಲ್ಲ. ಮೊದಲ ಸಲ ಇಂಟರ್ ಪರೀಕ್ಷೆಗೆ ಕೂತಾಗ ಪ್ರಶ್ನೆ ತಿಳಿಯುವಷ್ಟರಲ್ಲೇ ಹೊತ್ತು ಹೋಗಿತ್ತಂತೆ. ಎರಡನೆಯ ಸಲ ಒಂದು ಭಾಗ ದಾಟಿದ್ದಾರೆ.

"ಫೇಲಾದದ್ದು ಹೇಳ್ಕೊಳ್ಳಾಕ ನಂಗ ನಾಚಿಕಿ ಇಲ್ರಿ," ಎನ್ನುತ್ತಾರೆ ಎಣಿಕೆ ಮುಗಿಸಿ ಕೆಳಗಿಳಿದು, ಚಹಾದ ಬಸಿ ಕೈಯಲ್ಲಿ ಹಿಡಿದು. "ನಾಚಿಕಿ ಬ್ಯಾರೇದಕ್ಕೈತಿ."

ಆ ಬೇರೆಯದು ನಡೆದದ್ದು ಹೋದ ವರ್ಷ, ತೊಂಬತ್ತರ ಬೇಸಗೆಯಲ್ಲಿ, ಅಫಜಲಪುರ ತಾಲೂಕಿನ ಒಂದು ಊರಲ್ಲಿ. ಊರಿನ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. ಆಡಿಟಿಗೆ ಇವರ ಜೊತೆ ಹೋದವರು ಕಚೇರಿಯ ಹಿರಿಯ ಗುಮಾಸ್ತ ಗುರಣ್ಣ. ಮಿಲ್ಲಿಗೆ ಹೊಂದಿಕೊಂಡೇ ಮಾಲೀಕರ ಮನೆ. ಮಧ್ಯಾಹ್ನದ ಊಟ ಅಲ್ಲೇ. ಮೊದಲ ದಿನ ಪಂಕ್ತಿಗೆ ಕೂರುವಾಗ ಮಾಲೀಕರು ಭಗವಂತರತ್ತ ನೋಡಿ, "ತಮ್ಮಾರು ಯಾರ ಪೈಕಿ?" ಎಂದು ಕೇಳಿದರು.

"ನಮ್ಮವರೇ ಅದಾರ್ರಿ," ಅಂದುಬಿಟ್ಟರು ಮಾಲೀಕರ ಜಾತಿಯವರೇ ಆದ ಗುರಣ್ಣ.

ಒಳ್ಳೆಯ ಮನಸ್ಸಿನಿಂದಲೇ ಅಂದರು. ಭಗವಂತ ತಲೆ ಬಗ್ಗಿಸಿ ರೊಟ್ಟಿ ಮುರಿದರು. ಮನೆಯಾಕೆ ಮಗನಿಗೆ ಬಡಿಸುವಂತೆ ಬಡಿಸಿದರು. ಮಾರನೆಯ ದಿನವೂ ಹಾಗೇ ಆಯಿತು.

ಅದಾದ ಮರುದಿನ ಊಟ ಮುಗಿಸಿ ಕೈ ತೊಳೆಯಲು ಹಿತ್ತಿಲಿಗೆ ಹೋದಾಗ, ದನದ ಕೊಟ್ಟಿಗೆ ಬಳಿದು ಮುಗಿಸಿದ ಹೆಂಗಸೊಬ್ಬರು ಗೋಡೆಯ ಬದಿಗೆ ಕೂತಿದ್ದರು. ಮನೆಯಾಕೆ ಎತ್ತರದಿಂದ ಅವರ ಸೆರಗಿಗೆ ರೊಟ್ಟಿ ಹಾಕುತ್ತಿದ್ದರು. ಹಿಂದೆ ಹೆಜ್ಜೆಯ ಸಪ್ಪಳ ಕೇಳಿ, "ಏ ಮರೆಮ್ಮ, ಸರೀ ಬೇ, ಸಾಹೇಬ್ರು ಬರಾಕತ್ತಾರ," ಅಂದರು.

ಮರೆಮ್ಮ ತಲೆಯೆತ್ತಿದರು. ಮಲ್ಕಮ್ಮನ ಒಡಹುಟ್ಟಿದ ತಂಗಿ, ಭಗವಂತರ ಚಿಗವ್ವ. ಈ ಊರಿಗೇ ಅವರನ್ನು ಕೊಟ್ಟದ್ದು ಭಗವಂತರಿಗೆ ಗೊತ್ತಿತ್ತು. ಇದೇ ಹಿತ್ತಿಲಲ್ಲಿ ದುಡಿಯುತ್ತಾರೆಂದು ಗೊತ್ತಿರಲಿಲ್ಲ. ಕಣ್ಣು ಕೂಡಿದ್ದು ಒಂದೇ ಗಳಿಗೆ. ಮರೆಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಯಾರೋ ಪರಕೀಯರಿಗೆ ದಾರಿ ಬಿಡುವಂತೆ ಗೋಡೆಗೆ ಒತ್ತಿ ಸರಿದರು.

"ಆಕಿ ಸರದ್ಲ್ರಿ. ನಾ ದಾಟಿ ಹ್ವಾದೆ," ಎಂದು ಹೇಳಿ ಭಗವಂತ ಬಸಿಯನ್ನು ಕೆಳಗಿಡುತ್ತಾರೆ. ಚಹಾ ಆರಿಹೋಗಿದೆ. "ನನ್ನ ಎತ್ತಿ ಆಡಿಸಿದಾಕಿ. ಅವ್ವ ಕೂಲಿಗೆ ಹ್ವಾದ್ರ ಇಕೀನೇ ಉಣಿಸ್ತಿದ್ಲು."

ಸಂಜೆ ಹುಡುಕಿಕೊಂಡು ಅವರ ಗುಡಿಸಲಿಗೆ ಹೋದರು. ಚಿಗವ್ವ ಬೈದರೆ ಎದೆಯ ಭಾರ ಇಳಿದೀತೆಂಬ ಆಸೆ. ಮರೆಮ್ಮ ಬೈಯಲಿಲ್ಲ. "ನಾ ಮಾತಾಡ್ಸಿದ್ರ ನಿನ್ನ ನೌಕರಿ ಹೋಗ್ತಿತ್ತಲ್ಲೋ ಯಪ್ಪಾ," ಅಂದರು. "ಒಳಗ ಕುಂತು ಉಂಡಿ. ನಂಗ ಭಾಳ ಖುಷಿ ಆತು. ಏನೇನ್ ಬಡಿಸಿದ್ರು, ಹೇಳ."



ಮರುದಿನ ಊಟಕ್ಕೆ ಕರೆ ಬಂದಾಗ ಅವರು ಪಂಕ್ತಿಗೆ ಹೋಗದೆ ನೇರ ಹಿತ್ತಿಲಿಗೆ ನಡೆದು ಮರೆಮ್ಮನ ಪಕ್ಕ ನೆಲದ ಮೇಲೆ ಕೂತರು. "ಏಳೋ, ಏಳೋ," ಎಂದು ಚಿಗವ್ವ ಕೈಮುಗಿದರು. ಮಾಲೀಕರು ಬಾಗಿಲಿಗೆ ಬಂದರು. "ಈಕಿ ನಮ್ಮ ಚಿಗವ್ವ ಅದಾಳ್ರಿ," ಅಂದರು ಭಗವಂತ. ಯಾರೂ ಕೂಗಾಡಲಿಲ್ಲ. ಒಳಗೆ ಪಂಕ್ತಿ ಹಾಕುತ್ತಿದ್ದ ಜಾಗಕ್ಕೆ ನೀರು ಸುರಿದು ತೊಳೆಯುವ ಸಪ್ಪಳ ಮಾತ್ರ ಕೇಳಿತು. ಗುರಣ್ಣ ಊಟ ಮಾಡದೆ ಮಿಲ್ಲಿಗೆ ಮರಳಿದರು.

ಸಂಜೆಯೊಳಗೆ ಗುಲಬರ್ಗಾಕ್ಕೆ ಫೋನು ಹೋಗಿತ್ತು. ಜಹೀರುದ್ದೀನ ಅವರು ಭಗವಂತರನ್ನು ಕೆಲಸದಿಂದ ತೆಗೆಯಲಿಲ್ಲ. ಆ ಆಡಿಟ್ ಮುಗಿಸಲು ಬೇರೊಬ್ಬರನ್ನು ಕಳಿಸಿ, ಇವರನ್ನು ಜೇವರ್ಗಿಗೆ ಹಾಕಿದರು. ನಾನು ಆ ಬಗ್ಗೆ ಕೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹುಡುಗಂದು ಗಲತಿ ಇಲ್ಲ. ಆದ್ರ ನಾ ಗಿರಾಕಿ ಬಿಡಲಿಲ್ಲ ನೋಡ್ರಿ. ಅದನ್ನೂ ಬರೀರಿ," ಅಂದರು.

ದಂಡ ತೆತ್ತವರು ಮರೆಮ್ಮ. ಮರುದಿನದಿಂದ ಆ ಹಿತ್ತಿಲಿಗೆ ಅವರನ್ನು ಕರೆಯಲಿಲ್ಲ. ಸಾಹೇಬನನ್ನು ಸಾಕಿದಾಕೆಗೆ ನಮ್ಮ ಕೂಲಿ ಯಾಕೆಂದು ಊರಿನ ಬೇರೆ ಮನೆಗಳವರೂ ಅಂದರಂತೆ. ಈಗ ಅವರು ನಸುಕಿನಲ್ಲೇ ಎದ್ದು ಪಕ್ಕದೂರಿನ ಹೊಲಗಳಿಗೆ ನಡೆದು ಹೋಗುತ್ತಾರೆ.

"ಸುಮ್ನಿದ್ದಾಗ ನಂಗ ನಾಚಿಕಿ ಆತು. ಬಾಯಿ ಬಿಟ್ಟ ಮ್ಯಾಲ ಆಕಿ ಕೂಲಿ ಹೋತು. ಎರಡೂ ನಂದೇ ಅಲ್ರಿ?" ಎಂದು ಕೇಳುತ್ತಾರೆ ಭಗವಂತ. ನಾನು ಬರೆಯುವುದನ್ನು ನಿಲ್ಲಿಸುತ್ತೇನೆ.

ಗುರಣ್ಣ ಈಗ ಹೊರಗೆ ಆಡಿಟಿಗೆ ಹೋದಾಗ ಮನೆಯಿಂದಲೇ ಬುತ್ತಿ ತರುತ್ತಾರೆ. ಇಬ್ಬರೂ ಗೋದಾಮಿನಲ್ಲೇ ಕೂತು ಹಂಚಿಕೊಂಡು ಉಣ್ಣುತ್ತಾರೆ.

ರಜೆ ಸಿಕ್ಕಾಗಲೆಲ್ಲ ಭಗವಂತ ಚಿಗವ್ವನನ್ನು ನೋಡಲು ಹೋಗುತ್ತಾರೆ. ಬಸ್ಸಿಳಿದು ಬರುವಾಗ ಮರೆಮ್ಮ ದಾರಿಯಲ್ಲಿ ಎದುರಾದರೆ, ಆಕೆ ಇವತ್ತಿಗೂ ಮೊದಲು ಅತ್ತಿತ್ತ ನೋಡುತ್ತಾರೆ. ಜನ ಇದ್ದರೆ ಮಾತಾಡಿಸದೆ ಮುಂದೆ ಹೋಗುತ್ತಾರೆ.

ಸಿ.ಎ. ಆದ ಮೇಲೆ ಏನಾಸೆ ಎಂದು ಕೇಳುತ್ತೇನೆ. ಹೊರಗೆ ಹಮಾಲರು ಲಾರಿಯ ಹಲಗೆ ಇಳಿಸುತ್ತಿದ್ದಾರೆ. ಭಗವಂತ ಅಂಗಿಯ ಹೊಟ್ಟು ಕೊಡವಿಕೊಳ್ಳುತ್ತಾರೆ.

"ಸಿ.ಎ. ಆಗೂದು ಆಮ್ಯಾಲಿಂದ್ರಿ. ಆ ಊರಿನ ಅಗಸಿ ಬಾಗಿಲ ಮುಂದ ನಾಕ್ ಮಂದಿ ಕುಂತಿರಬೇಕು. ಅವ್ರೆಲ್ಲಾರ ಮುಂದ ಆಕಿ ನನಗ 'ಲೇ ಭಗವಂತಾ, ಬಾರಲೇ' ಅಂತ ಒದರಬೇಕು. ನಾ 'ಬಂದೆ ಚಿಗವ್ವಾ' ಅನಬೇಕು."