ಮೆಟ್ಟಿಲ ಮೇಲೆ ಉಳಿದ ಒಂಟಿ ಚಪ್ಪಲಿ

ಆಗ ನಾನು ಮೈಸೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹಿರಿಯ ಫಿಜಿಯೋಥೆರಪಿಸ್ಟ್. ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು. ಕೋವಿಡ್ ಕಾಲದ ಮಾಸ್ಕನ್ನು ಜನ ಮರೆತು, ಮದುವೆ ಛತ್ರಗಳು ಮತ್ತೆ ತುಂಬತೊಡಗಿದ್ದ ಸಮಯ. ಮುಹೂರ್ತವಿಲ್ಲದ ದಿನಗಳಲ್ಲಿ ಅದೇ ಛತ್ರಗಳಲ್ಲಿ ‘ಉಚಿತ ನೋವು ನಿವಾರಣಾ ಶಿಬಿರ’ ನಡೆಯುತ್ತಿತ್ತು. ಆ ಹೆಸರು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ನನ್ನ ಬಳಿ ಬರುತ್ತಿದ್ದವರಲ್ಲಿ ಮಾದೇವಿ ಒಬ್ಬಳು. ಕಡಕೊಳದ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಕೆಲಸ. ಗಂಡ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಓದು, ಮನೆ ಎಲ್ಲವೂ ಅವಳ ಬಲಗಾಲಿನ ಮೇಲೆ ನಿಂತಿತ್ತು. ಉತ್ಪ್ರೇಕ್ಷೆಯಲ್ಲ, ಆ ಯಂತ್ರದಲ್ಲಿ ಪೆಡಲಿನ ಮುಂಭಾಗ ತುಳಿದರೆ ಹೊಲಿಗೆ ಓಡುತ್ತದೆ, ಬೆರಳೆತ್ತಿ ಹಿಮ್ಮಡಿ ಒತ್ತಿದರೆ ದಾರ ಕತ್ತರಿಸುತ್ತದೆ. ಅವಳಿಗೆ ಸೊಂಟದಿಂದ ಬಲಗಾಲಿನ ಹೆಬ್ಬೆರಳವರೆಗೆ ಮಿಂಚು ಹೊಡೆದಂಥ ನೋವು. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರವನ್ನು ಒತ್ತುತ್ತಿತ್ತು. ಹೆಚ್ಚಿನವರಿಗೆ ಇದು ಔಷಧಿ, ವ್ಯಾಯಾಮದಲ್ಲೇ ಹತೋಟಿಗೆ ಬರುತ್ತದೆ. “ಪಾದ ಜೋಮು ಹಿಡಿದ್ರೆ, ಬೆರಳು ಮೇಲೆತ್ತೋಕೆ ಆಗ್ದಿದ್ರೆ, ಅವತ್ತೇ ಓಡಿ ಬಾ ಕಣಮ್ಮ” ಎಂದು ಹೇಳಿ ಕಳಿಸಿದ್ದೆ. ಮುಂದಿನ ವಾರ ಅವಳು ಬರಲಿಲ್ಲ. ಫೋನೂ ಎತ್ತಲಿಲ್ಲ.

ಆ ಭಾನುವಾರ ಪಕ್ಕದ ಮನೆಯ ಸರೋಜಮ್ಮ ಬಂದರು. “ಏನೋ ಇನ್‌ಫ್ರಾರೆಡ್ ಪ್ಯಾಚ್ ಅಂತೆ ಕಣ್ರೀ, ಮಂಡಿನೋವು ಮಾಯ ಆಗುತ್ತಂತೆ. ಸುಮ್ನೆ ಬನ್ನಿ” ಎಂದು ಸಿದ್ಧಾರ್ಥನಗರದ ಛತ್ರಕ್ಕೆ ನನ್ನನ್ನೂ ಎಳೆದುಕೊಂಡು ಹೋದರು.

ಪ್ಯಾಚ್ ಎಂದರೆ ಮೈಗೆ ಅಂಟಿಸಿಕೊಳ್ಳುವ ಪಟ್ಟಿ. ಅದರೊಳಗಿನ ಖನಿಜದ ಪುಡಿ ಮೈಯ ಶಾಖವನ್ನೇ ಇನ್‌ಫ್ರಾರೆಡ್ ಕಿರಣವಾಗಿ ಮೈಗೆ ಹಿಂತಿರುಗಿಸುತ್ತದೆ ಎಂಬುದು ಮಾರುವವರ ವಿವರಣೆ. ಇನ್‌ಫ್ರಾರೆಡ್ ದೀಪ ನಮ್ಮ ವಿಭಾಗದಲ್ಲೂ ಇತ್ತು. ಬಿಗಿದ ಕುತ್ತಿಗೆಗೆ ಅದರ ಬಿಸಿ ಹಿತ. ಪಟ್ಟಿ ಹಚ್ಚಿಕೊಂಡು ಯಾರಿಗಾದರೂ ಹಾಯೆನಿಸಿದರೆ ನನ್ನದೇನೂ ತಕರಾರಿಲ್ಲ. ಆದರೆ ಕೋಟು ತೊಟ್ಟು ಮೈಕ್ ಹಿಡಿದಿದ್ದ ಆ ಮಹಾಶಯ ಹೇಳುತ್ತಿದ್ದುದೇ ಬೇರೆ. ಸ್ನಾಯು, ಕೀಲು, ನರ, ಎಲ್ಲಕ್ಕೂ ಇದೊಂದೇ ಸಾಕಂತೆ. ಮಾತ್ರೆ ಬಿಡಬೇಕಂತೆ, ವ್ಯಾಯಾಮ ಬಿಡಬೇಕಂತೆ, ಆಸ್ಪತ್ರೆ ಕಡೆ ತಲೆ ಹಾಕಿಯೂ ಮಲಗಬಾರದಂತೆ. ಹೇಳುವವನಿಗೆ ನಾಚಿಕೆ ಬೇಡವೇ?

“ಈಗ ಒಬ್ಬ ಅಕ್ಕ ತಮ್ಮ ಅನುಭವ ಹೇಳ್ತಾರೆ” ಎಂದ. ಸಾಲಿನ ತುದಿಯಿಂದ ಎದ್ದು ಬಂದವಳು ಮಾದೇವಿ!

ಬಲಗಾಲನ್ನು ಮಂಡಿಯಿಂದಲೇ ಎತ್ತೆತ್ತಿ, ಪಾದವನ್ನು ಟಪ್ ಟಪ್ಪೆಂದು ಬಡಿಯುತ್ತ ನಡೆದಳು. ವೇದಿಕೆಯ ಮೆಟ್ಟಿಲು ಹತ್ತುವಾಗ ಬಲಗಾಲಿನ ಚಪ್ಪಲಿ ಕಳಚಿ ಬಿತ್ತು. ಮರ್ಯಾದೆಗೆಂದು ಬಿಟ್ಟಿದ್ದರೆ ಎರಡನ್ನೂ ಬಿಡುತ್ತಿದ್ದಳಲ್ಲವೇ? ಒಂದು ಮೆಟ್ಟಿಲ ಮೇಲೆ ಉಳಿಯಿತು, ಇನ್ನೊಂದು ಕಾಲಲ್ಲೇ ಇತ್ತು. ಅವಳಿಗೆ ಗೊತ್ತೇ ಆಗಲಿಲ್ಲ.

“ಪಟ್ಟಿ ಹಾಕಿದ್ ವಾರಕ್ಕೇ ನೋವು ಹೊಂಟೋಯ್ತು. ಈಗ ಏನಂದ್ರೆ ಏನೂ ನೋವಿಲ್ಲ!” ಎಂದು ಮೈಕಿನಲ್ಲಿ ನಕ್ಕಳು.

ನೋವು ಗುಣವಾಗಿ ಹೋಗಿರಲಿಲ್ಲ. ಒತ್ತಿಸಿಕೊಂಡ ನರ ಸೋತು ಕೆಲಸ ನಿಲ್ಲಿಸುತ್ತಿತ್ತು. ನೋಯುತ್ತಿದೆ ಎಂದು ತಿಳಿಸಲೂ ಅದಕ್ಕೆ ತ್ರಾಣ ಉಳಿದಿರಲಿಲ್ಲ. ಎದ್ದು ನಿಂತು ಕೂಗಿದೆ: “ಮಾದೇವಿ, ಬಲಗಾಲ್ ಚಪ್ಪಲಿ ಎಲ್ಲಮ್ಮ?”

ಅವಳು ಬಗ್ಗಿ ನೋಡಿಕೊಂಡಳು. “ಅಯ್ಯೋ ಶಿವ್ನೇ, ಯಾವಾಗ್ ಬಿದ್ದೋಯ್ತು?”

“ಹಿಮ್ಮಡಿ ಊರಿ ಬೆರಳು ಮೇಲೆತ್ತು.”

ಎಡಪಾದ ಎದ್ದಿತು. ಬಲಪಾದ ಅಲುಗಲಿಲ್ಲ. ಅವಳ ಮುಖದ ನಗು ಆರಿತು. ಅಷ್ಟರಲ್ಲಿ ಆ ಮಹಾಶಯ ಮೈಕ್ ಕಿತ್ತುಕೊಂಡು, “ಗಾಬರಿ ಬೇಡಿ. ವಿಷ ಹೊರಗೆ ಹೋಗೋವಾಗ ಕಾಲು ಹೀಗೆ ವಿಶ್ರಾಂತಿ ತಗೊಳುತ್ತೆ” ಎಂದ. ಜನ ಚಪ್ಪಾಳೆ ತಟ್ಟಿದರು! ನಮ್ಮ ಸರೋಜಮ್ಮನೂ ತಟ್ಟಿದರು.

ಮೆಟ್ಟಿಲ ಮೇಲಿದ್ದ ಚಪ್ಪಲಿ ಎತ್ತಿಕೊಂಡು ವೇದಿಕೆ ಹತ್ತಿದೆ. ಅದನ್ನು ಕಂಡು ಅವನು ಪರದೆಯವರೆಗೂ ಹಿಂದೆ ಸರಿದ. ಹೊಡೆಯುವ ಮನಸ್ಸಿರಲಿಲ್ಲ ಎಂದು ತಾಯಿ ಚಾಮುಂಡಿ ಮೇಲೆ ಆಣೆ ಮಾಡುವ ಧೈರ್ಯ ನನಗೆ ಈಗಲೂ ಇಲ್ಲ. “ವಿಶ್ರಾಂತಿಯಂತೆ ವಿಶ್ರಾಂತಿ! ಇವಳ ಕಾಲು ಸಾಯ್ತಾ ಇದೆ ಕಣ್ರೀ. ನಿಮ್ಮ ಮನೆ ಹೆಣ್ಣುಮಗಳ ಕಾಲಾಗಿದ್ರೆ ಹಿಂಗೇ ಚಪ್ಪಾಳೆ ಹೊಡೆಸ್ತಿದ್ರಾ?” ಎಂದೆ.

“ನಾಳೆ ಪಾಳಿ ಐತೆ ಮೇಡಂ” ಎಂದು ಮಾದೇವಿ ಗೋಗರೆಯುತ್ತಿದ್ದರೂ ಬಿಡದೆ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ. ಎಂಆರ್‌ಐ ಆಯಿತು, ಮರುದಿನವೇ ಶಸ್ತ್ರಚಿಕಿತ್ಸೆಯಾಯಿತು. “ಇನ್ನೂ ಸ್ವಲ್ಪ ಮುಂಚೆ ಬಂದಿದ್ರೆ...” ಎಂದ ಸರ್ಜನ್ ಮಾತು ಮುಗಿಸಲಿಲ್ಲ. ಕೆಲವು ತಿಂಗಳ ಮೇಲೆ ಅವಳ ಫೋನ್ ಬಂತು. “ಮೇಡಂ, ಪಾದ ಉರೀತದೆ!” ಅಳುತ್ತಿದ್ದಳು. “ಉರೀಲಿ ಬುಡು ಕಣಮ್ಮ, ನರ ಎಚ್ಚರ ಆಗ್ತಿದೆ!” ಎಂದು ನಾನೂ ಅತ್ತೆ. ಆದರೆ ಶಕ್ತಿ ಅರೆಬರೆಯಷ್ಟೇ ಮರಳಿತು. ಪಾದ ಜೋಲದಂತೆ ಕಾಲಿಗೆ ಪ್ಲಾಸ್ಟಿಕ್ ಆಧಾರ ಕಟ್ಟಿಕೊಂಡು ಕಾರ್ಖಾನೆಗೆ ಹೋಗುತ್ತಾಳೆ. ಯಂತ್ರ ಕೈತಪ್ಪಿತು; ಈಗ ನಿಂತುಕೊಂಡು, ಹೊಲಿದ ಬಟ್ಟೆಯಲ್ಲಿ ಉಳಿದ ನೂಲು ಕತ್ತರಿಸುವ ಕೆಲಸ.

ನೋವು ಹೋಯಿತು ಎಂದವರ ಮುಖ ನೋಡಿ ಸಂತೋಷಪಡುವ ಮೊದಲು ಅವರನ್ನು ನಾಲ್ಕು ಹೆಜ್ಜೆ ನಡೆಸಿ ನೋಡಬೇಕು. ನನ್ನ ಕೆಲಸ ನನಗೆ ಕಲಿಸಿದ ಪಾಠ ಇದು. ಮಾರುವವರಿಗೆ ಆ ಪಾಠ ಬೇಕಿಲ್ಲ.

ಮೊನ್ನೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಅದೇ ಛತ್ರ, ಅದೇ ಮಾದೇವಿ. “ಏನಂದ್ರೆ ಏನೂ ನೋವಿಲ್ಲ!” ಎಂದು ನಗುವಲ್ಲಿಗೆ ಕತ್ತರಿಸಿ ಚಪ್ಪಾಳೆ ಅಂಟಿಸಿದ್ದಾರೆ. ಇಷ್ಟು ವರ್ಷವಾದರೂ ಅದನ್ನೇ ತೋರಿಸಿ ಮಾರುತ್ತಿದ್ದಾರೆ, ಹಾಳಾದವರು! ಕುದಿಯುತ್ತಲೇ ಮಾದೇವಿಗೆ ತೋರಿಸಿದೆ. ಅವಳು ಸಿಟ್ಟಾಗಲಿಲ್ಲ. ಮೊದಲಿಂದ ಇನ್ನೊಮ್ಮೆ ಹಾಕಿಸಿಕೊಂಡು ನೋಡಿದಳು.

“ಇದ್ರಲ್ಲಿ ನನ್ ಕಾಲೇ ಕಾಣಕಿಲ್ವಲ್ಲ ಮೇಡಂ” ಎಂದಳು.