ಹಗೇವಿಗಿಳಿದ ಗಡಿಗೆ

ಮುಂಡರಗಿಯ ನಮ್ಮ ಮಾವ ವಿರೂಪಾಕ್ಷಪ್ಪ ವೈದ್ಯರ ದ್ರಾಕ್ಷಾಸವ ಅಂದರೆ ಶಿರಹಟ್ಟಿ, ಲಕ್ಷ್ಮೇಶ್ವರದ ಬಾಣಂತಿಯರವರೆಗೂ ಹೆಸರು. ಶೀಸೆಯ ಚೀಟಿಯ ಮೇಲೆ ಮಾವನ ಹೆಸರು, ಜನರ ಬಾಯಲ್ಲೂ ಮಾವನ ಹೆಸರು. ಮಾಡುತ್ತಿದ್ದವಳು ಮಾತ್ರ ನಮ್ಮಲ್ಲಿ ಕೆಲಸಕ್ಕಿದ್ದ ಉಡಚವ್ವ. ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ನನಗೆ ಇದೊಂದು ಹೊಟ್ಟೆಯುರಿ. ಇವತ್ತು ಬರೆದೇ ಬಿಡುತ್ತೇನೆ, ಯಾರು ಬೇಕಾದರೂ ಸಿಟ್ಟಾಗಲಿ.

ಉಡಚವ್ವನದು ಕಪ್ಪತಗುಡ್ಡದ ಬೇರು, ತೊಪ್ಪಲು ಆರಿಸಿ ತರುತ್ತಿದ್ದ ಮನೆತನ. ಆಸವದ ಕೆಲಸವನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ಜೊತೆಗೆ ಅತ್ತೆಯದೊಂದು ಕಟ್ಟಳೆಯೂ ಬಂದಿತ್ತು: ಮಾಡುವವಳು ಅದನ್ನು ನಾಲಿಗೆಗೆ ಹಚ್ಚಬಾರದು. ರುಚಿ ಹತ್ತಿದರೆ ರೋಗಿಗೆ ಬೇಕಾದ್ದನ್ನು ಬಿಟ್ಟು ತನಗೆ ಬೇಕಾದ್ದನ್ನು ಮಾಡುತ್ತಾಳೆ ಅಂತ. ಮೂವತ್ತೈದು ವರ್ಷ ಅವಳು ಒಂದು ಹನಿಯನ್ನೂ ಬಾಯಿಗೆ ಬಿಟ್ಟುಕೊಂಡಿರಲಿಲ್ಲ.

ಹಾಗಾದರೆ ಹದ ಗೊತ್ತಾಗುತ್ತಿದ್ದದ್ದು ಹೇಗೆ? ಅದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ನಮ್ಮ ಹಿತ್ತಲಲ್ಲಿ ಜೋಳ ತುಂಬುವುದನ್ನು ಬಿಟ್ಟ ಹಳೆಯ ಹಗೇವು ಇತ್ತು. ಆಳದ, ಸಣ್ಣ ಬಾಯಿಯ, ನೆಲದೊಳಗಿನ ಕಣಜ. ನೆನೆಸಿದ ಕರಿ ಒಣದ್ರಾಕ್ಷಿಯನ್ನು ಬೀಜ ಒಡೆಯದಂತೆ ಕಿವುಚಿ, ಬೆಲ್ಲ ಮತ್ತು ಹುಳಿ ಹಿಡಿಸುವ ಧಾತಕಿ ಹೂ ಸೇರಿಸಿ, ತುಪ್ಪ ಸವರಿದ ಗಡಿಗೆಗೆ ಸುರಿದು, ಬಾಯಿಗೆ ಅರಿವೆ ಕಟ್ಟಿ ಹಗ್ಗದಿಂದ ತಳಕ್ಕೆ ಇಳಿಸುವಳು. ಅಲ್ಲಿಯ ತಂಪಿನಲ್ಲಿ ಅದು ಅವಸರವಿಲ್ಲದೆ ಹುಳಿಯುತ್ತಿತ್ತು, ಪರಿಮಳ ಹಾರಿಹೋಗುತ್ತಿರಲಿಲ್ಲ.

ಹುಳಿಯುವಾಗ ಗಡಿಗೆ ಒಂದು ಕೆಟ್ಟ ಗಾಳಿ ಬಿಡುತ್ತದೆ, ಅದು ತಳದಿಂದ ಮೇಲಕ್ಕೆ ತುಂಬುತ್ತ ಬರುತ್ತದೆ, ಅದರಲ್ಲಿ ದೀಪ ಉರಿಯುವುದಿಲ್ಲ. ಹಗೇವು ತೆರೆಯುವ ರೈತರಿಗೆಲ್ಲ ಅಂಥ ಗಾಳಿಯ ಭಯ. ಉಡಚವ್ವ ಅದನ್ನೇ ದುಡಿಸಿಕೊಂಡಳು. ಸಂಜೆ ಗೋಣಿಚೀಲ ಇಳಿಬಿಟ್ಟು, ಎಳೆದೆಳೆದು ಒಳಗಿನ ಗಾಳಿ ಹೊರಹಾಕಿ, ಬಾಯಿ ಮುಚ್ಚುವಳು. ಬೆಳಿಗ್ಗೆ ಏಳು ಗಂಟಿನ ಹುರಿಗೆ ಹಣತೆ ಕಟ್ಟಿ ಇಳಿಸುವಳು. ಮೊದಲ ಗಂಟಿಗೇ ದೀಪ ಆರಿದರೆ ಗಡಿಗೆ ಜೋರಾಗಿ ಹುಳಿಯುತ್ತಿದೆ. ಐದನೆಯದಕ್ಕೆ ಆರಿದರೆ ಸಿಹಿ ಇನ್ನೂ ಉಳಿದಿದೆ, ತೆಗೆಯುವ ಹೊತ್ತು. ತಳದವರೆಗೂ ಉರಿದರೆ ಬೆಲ್ಲವೆಲ್ಲ ತೀರಿದೆ, ಕುಡಿದವನ ತಲೆ ತಿರುಗುವುದು ಖರೆ.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷಕ್ಕೆ, ಆಗ ನಮ್ಮ ಸೀಮೆ ಆಳುತ್ತಿದ್ದ ಮುಂಬೈ ಸರಕಾರ ದಾರೂಬಂದಿ ತಂದಿತು. ಆಸವಕ್ಕೂ ಪರವಾನಗಿ ಬೇಕೆಂದು ಗದಗಿನಿಂದ ಅಬಕಾರಿ ಸಾಹೇಬರು ಪುಂಡಲೀಕಪ್ಪ ಬಂದರು.

"ಔಷಧ ಅಂತ ಚೀಟಿ ಹಚ್ಚಿ ಸರಾಯಿ ಮಾರೋರನ್ನ ಭಾಳ ಮಂದೀನ ನೋಡೇನ್ರಿ ವೈದ್ಯರ," ಅಂದರು. "ಪರವಾನಗಿ ಕೊಡಂಗಿಲ್ಲ. ಗಡಿಗಿ ಒಡಸ್ತೀನಿ."

ಊರಿಗೆಲ್ಲ ಬುದ್ಧಿ ಹೇಳುವ ಮಾವ ಹಿಂದೆ ಸರಿದರು. ಉಡಚವ್ವನಿಗೆ ಬೇರೆ ಕಸುಬು ಗೊತ್ತಿಲ್ಲ, ಗಡಿಗೆ ಒಡೆದರೆ ಅವಳ ಕೈ ಕಟ್ಟಿಹಾಕಿದ ಹಾಗೆ. ಅವಳೇ ಮುಂದೆ ಬಂದಳು.

"ಸರಾಯಿ ಬ್ಯಾರೆ, ಇದು ಬ್ಯಾರೆರೀ ಸಾಹೇಬ್ರ. ಎರಡೂ ಮಾಡಿ ತೋರಸ್ತೀನಿ, ಒಂದ ತಿಂಗಳ ಕೊಡ್ರಿ. ಅದ ದ್ರಾಕ್ಷಿ, ಅದ ಬೆಲ್ಲ, ಅದ ಹೂವು. ಮಾಡೋ ರೀತಿ ಅಷ್ಟ ಬ್ಯಾರೆ."

ಸಾಹೇಬರಿಗೆ ಕುತೂಹಲ ಹುಟ್ಟಿತು. ಎದುರಿಗೇ ತೂಗಿಸಿ, ಎರಡು ಗಡಿಗೆ ತುಂಬಿಸಿ, ಅರಿವೆಯ ಗಂಟಿಗೆ ಅರಗಿನ ಮುದ್ರೆ ಒತ್ತಿದರು. ಒಂದರ ದ್ರಾಕ್ಷಿಯನ್ನು ಉಡಚವ್ವ ಬೀಜಸಮೇತ ಕುಟ್ಟಿದ್ದಳು, ಅದನ್ನು ಮಾಳಿಗೆಯ ಬಿಸಿಲಿಗೆ ಇಟ್ಟಳು. ಇನ್ನೊಂದು ಹಗೇವಿಗೆ ಇಳಿಯಿತು.

ಆ ದಿನಗಳಲ್ಲಿ ನನಗೆ ರೊಟ್ಟಿಯೂ ಸೇರಲಿಲ್ಲ. ಬೆಳಗಾದರೆ ಹಗೇವಿನ ಬಾಯಿಗೆ ಓಡುವುದೇ ಕೆಲಸ. ಓಣಿಯವರೆಲ್ಲ "ಇವತ್ತ ಎಷ್ಟನೇ ಗಂಟು?" ಅಂತ ಕೇಳುತ್ತಿದ್ದರು. ಇಪ್ಪತ್ತನಾಲ್ಕನೆಯ ದಿನ ದೀಪ ನಾಲ್ಕು ಗಂಟು ದಾಟಿ ಐದಕ್ಕೆ ಆರಿತು. ಮುದ್ರೆಯನ್ನು ನಾವು ಒಡೆಯುವಂತಿಲ್ಲ, ತಡವಾದರೆ ಇದೂ ಸರಾಯಿಯೇ. ಬೆಳಗಿನ ಬಸ್ಸಿಗೇ ಗದಗಿಗೆ ಖಬರ ಕಳಿಸಿದೆವು. ಮಧ್ಯಾಹ್ನದ ಬಸ್ಸು ಬಂತು, ಸಾಹೇಬರಿಲ್ಲ. ಉಡಚವ್ವ ಹಗೇವಿನ ಕಟ್ಟೆ ಬಿಟ್ಟು ಏಳಲಿಲ್ಲ. ಅವರು ಸಂಜೆಯ ಬಸ್ಸಿಗೆ ಇಳಿದಾಗ ನನಗೆ ಜೀವ ಬಂದಂತಾಯಿತು.

ಮೊದಲು ಮಾಳಿಗೆಯ ಗಡಿಗೆ ಬಿಚ್ಚಿದರು. ಘಾಟು ಮೂಗಿಗೆ ಬಡಿಯಿತು. ಒಂದು ಗುಟುಕಿಗೇ ಸಾಹೇಬರು ಕೆಮ್ಮಿ ಕೆಮ್ಮಿ ಕೆಂಪಾದರು. ಆಮೇಲೆ ಹಗೇವಿನದು ಮೇಲೆ ಬಂತು. ಅರಿವೆ ಬಿಚ್ಚುತ್ತಲೇ ಹಿತ್ತಲ ತುಂಬ ಹಣ್ಣಿನ ವಾಸನೆ. ಕುಡಿದರು, ತುಟಿ ಒರೆಸಿಕೊಂಡರು, ಆ ಗಡಿಗೆ ಈ ಗಡಿಗೆ ನೋಡಿದರು.

"ಸಿಹಿ ಐತಿ, ಮೆತ್ತಗ ಐತಿ. ಆದ್ರ ಸಿಹಿ ನಂಬಿ ಬರಕೊಡಾಕ ಬರಂಗಿಲ್ಲ. ಮಾಡಿದವರು ನನ್ನ ಮುಂದ ಒಂದು ಬಟ್ಟಲ ಕುಡೀಲಿ. ಅರ್ಧ ತಾಸಿನ ಮ್ಯಾಲೆ ನೆಟ್ಟಗ ನಡದ್ರ ಪರವಾನಗಿ."

"ನಾ ಕುಡೀತೀನ್ರಿ, ದಿನಾ ಕುಡಿಯೋದ ಐತಿ," ಅಂತ ಮಾವ ಕೈ ಚಾಚಿದರು.

"ಮಾಡಿದವರು ನೀವೇನ್ರಿ?"

ಮಾವನ ಕೈ ಹಿಂದೆ ಬಂತು. "ಅಲ್ಲರೀ. ಆಕೀನ."

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕುಣಿಯಬೇಕು ಅನಿಸಿತು, ಆದರೆ ಉಡಚವ್ವನ ಮುಖ ನೋಡಿ ತಡೆದುಕೊಂಡೆ. ಅವಳು ಬಟ್ಟಲು ಹಿಡಿದು ನಿಂತೇ ಇದ್ದಳು. "ಅತ್ತಿ, ತಪ್ಪ ತಿಳಕೋಬ್ಯಾಡ," ಅಂತ ಮೆಲ್ಲಗೆ ಅಂದು ಕುಡಿದಳು. ಕೊನೆಯ ಗುಟುಕನ್ನು ಬಾಯಲ್ಲೇ ಹಿಡಿದುಕೊಂಡಳು. ಅವಳ ಮುಖ ಸಣ್ಣದಾಯಿತು.

"ಏನಾತು ಉಡಚವ್ವ?" ನಾನು ಓಡಿ ಹತ್ತಿರ ಹೋದೆ.

"ಯಾವಾಗ್ಲೂ ಹಾಕೋ ಅಳತ್ಯಾಗ ಹೂವು ಒಂದ ಹಿಡಿ ಹೆಚ್ಚಾಗೇತಿ. ಕಡೀಕ ಒಗರು ಹಿಡೀತೈತಿ."

ಪುಂಡಲೀಕಪ್ಪನವರು ಹೊಟ್ಟೆ ಹಿಡಿದು ನಕ್ಕರು. ಅರ್ಧ ತಾಸು ಕಳೆದ ಮೇಲೆ ಅವಳು ಹಗೇವನ್ನು ಮೂರು ಸಲ ಸುತ್ತಿ ಬಂದಳು, ಹೆಜ್ಜೆ ತಪ್ಪಲಿಲ್ಲ. ಸಾಹೇಬರು ಅಲ್ಲೇ ಕಟ್ಟೆಯ ಮೇಲೆ ಕೂತು ಪರವಾನಗಿ ಬರೆದರು. ಮಾವ ಅದನ್ನು ಕಣ್ಣಿಗೆ ಒತ್ತಿಕೊಂಡರು.

ಉಡಚವ್ವ ಕಾಗದದ ಕಡೆ ನೋಡಲೂ ಇಲ್ಲ. ಖಾಲಿ ಬಟ್ಟಲು ಹಿಡಿದು ಮಾವನ ಎದುರಿಗೆ ಬಂದು ನಿಂತಳು.

"ಯಪ್ಪಾ, ಮೂವತ್ತೈದು ವರ್ಷ ದಿನಾ ಕುಡದೀರಿ," ಅಂದಳು. "ಒಂದ ದಿನಾನೂ ಒಗರು ಐತಿ ಅಂತ ನನಗ ಹೇಳಲಿಲ್ಲಲ್ಲ."