ಅವ್ವನ ಖಾರದ ಕೈ

ಇಂಥ ಸಂಗತಿಗಳನ್ನು ಹೇಳುವವರನ್ನು ನಾನು ನಕ್ಕು ಸಾಗಹಾಕುತ್ತಿದ್ದೆ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ನಗದಿದ್ದರೆ ನೌಕರಿಗೇ ಅವಮಾನ ಎಂದುಕೊಂಡಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆ. ಬ್ಯಾಡಗಿಯಲ್ಲಿದ್ದ ಅಪ್ಪನ ಎರಡೂ ಮೂತ್ರಪಿಂಡಗಳು ಸೋತಿದ್ದವು. ನಮ್ಮನ್ನು ಹೆಚ್ಚು ಕಾಡಿದ್ದು ಅವರ ನಿದ್ದೆ. ಹಗಲೆಲ್ಲ ಕೂತಲ್ಲೇ ತೂಕಡಿಸುವರು. ರಾತ್ರಿಯಾದರೆ ಕಾಲು ಸುಮ್ಮನಿರುತ್ತಿರಲಿಲ್ಲ, ಮೈಯೆಲ್ಲ ತುರಿಕೆ. ಅವ್ವ ಹಗಲು ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಎಷ್ಟು ತೊಳೆದರೂ ಅಂಗೈಯ ಖಾರ ಹೋಗುತ್ತಿರಲಿಲ್ಲ. ಆ ಕೈಯಿಂದ ಕಾಲು ಒತ್ತಿದರೆ ಉರಿಯಲ್ಲಿ ತುರಿಕೆ ಅಡಗಿ, ಅಪ್ಪನಿಗೆ ಒಂದೆರಡು ತಾಸು ಜೊಂಪು ಹತ್ತುತ್ತಿತ್ತು.

ಗುತ್ತಲದಲ್ಲಿ ಅಜ್ಜಿ ಹಾಸಿಗೆ ಹಿಡಿದಾಗ ಅವ್ವ ಒಂದು ವಾರ ಅಲ್ಲಿಗೆ ಹೋದಳು. ನಾನು ರಜೆ ಹಾಕಿ ಬಂದೆ. ಮೂರು ರಾತ್ರಿ ಕಾಲು ಒತ್ತಿದೆ. ಅಪ್ಪ ರೆಪ್ಪೆ ಮುಚ್ಚಲಿಲ್ಲ.

"ನಿನ್ನ ಕೈ ತಣ್ಣಗದಾವಪ್ಪಾ, ಬಿಡು," ಎಂದರು.

ಮರುದಿನ ಅವರ ಮಾತು ತೊದಲತೊಡಗಿತು. ಇನ್ನೊಂದು ರಾತ್ರಿ ಹೀಗೇ ಕಳೆದರೆ ಉಳಿಯಲಾರರು ಅನ್ನಿಸಿ ಹೆದರಿದೆ. ಅಷ್ಟಾದರೂ ಆ ರಾತ್ರಿ ಕಾಲು ಹಿಡಿದುಕೊಂಡೇ ನಾನು ನಿದ್ದೆ ಹೋದೆ. ಆ ನಾಚಿಕೆ ಇಂದಿಗೂ ಇದೆ.

ಎಚ್ಚರವಾದಾಗ ಬಿಸಿಲೇರಿತ್ತು. ಅಪ್ಪ ಗೊರಕೆ ಹೊಡೆಯುತ್ತಿದ್ದರು. ಎದ್ದವರೇ ಆಚೀಚೆ ನೋಡಿದರು.

"ನಿಮ್ಮವ್ವ ಕಾಲು ಒತ್ತಾಕತ್ತಿದ್ಳಲ್ಲ, ಎಲ್ಲಿ ಹೋದ್ಳು?"

ಕನಸು ಬಿದ್ದಿರಬೇಕು ಎಂದೆ. ಅವರ ಮೀನಖಂಡ ಕೆಂಪಗಾಗಿತ್ತು. ತುರಿಸಿಕೊಂಡಿದ್ದಾರೆಂದು ಮುಟ್ಟಿ ನೋಡಿ, ಅದೇ ಕೈಯಿಂದ ಕಣ್ಣುಜ್ಜಿಕೊಂಡೆ. ಕಣ್ಣು ಧಗಧಗ ಉರಿಯಿತು. ಅಪ್ಪನ ಪಥ್ಯದಿಂದಾಗಿ ಆ ವಾರ ಮನೆಯಲ್ಲಿ ಯಾರೂ ಖಾರದ ಡಬ್ಬಿ ಮುಟ್ಟಿರಲಿಲ್ಲ. ಬಾಗಿಲ ಚಿಲಕ ಒಳಗಿನಿಂದ ಹಾಕಿದಂತೆಯೇ ಇತ್ತು.

ಎರಡು ದಿನ ಬಿಟ್ಟು ಅವ್ವ ಹಾವೇರಿ ಬಸ್ಸಿನಲ್ಲಿ ಬಂದಳು. ಆ ರಾತ್ರಿ ಅವಳು ಅಜ್ಜಿಯ ಪಕ್ಕದಿಂದ ಎದ್ದೇ ಇರಲಿಲ್ಲವಂತೆ. ನಾನು ಎಲ್ಲವನ್ನೂ ಹೇಳಿದೆ. ಅವಳು ಚಿಲಕದ ಬಗ್ಗೆ ಕೇಳಲಿಲ್ಲ, ನನ್ನ ಕಣ್ಣಿನ ಬಗ್ಗೆಯೂ ಕೇಳಲಿಲ್ಲ.

"ಎಷ್ಟ್ ತಾಸು ಮಲಗಿದ್ರು?" ಎಂದಳು.

ಆರು ತಾಸಾದರೂ ಇರಬೇಕು ಎಂದೆ. ಅವ್ವ ಅಲ್ಲೇ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಪ್ಪ ಮತ್ತೆಂದೂ ಹಾಗೆ ಮಲಗಲಿಲ್ಲ. ಯುಗಾದಿಗೆ ಮೊದಲೇ ತೀರಿಕೊಂಡರು. ಇಷ್ಟು ವರ್ಷ ಕಾರಣ ಹುಡುಕುತ್ತ ಬಂದವನು ನಾನೊಬ್ಬನೇ, ಇನ್ನೂ ಸಿಕ್ಕಿಲ್ಲ. ಅವ್ವ ಒಮ್ಮೆಯೂ ಹುಡುಕಲಿಲ್ಲ.